ಕೆಂಪು ಗೀಟಿನ ಮೇಲಿನ ಖಾಲಿ ಸಾಲು

ಅಥವಾ ಆ ಸಂಜೆಯ ಮಳೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಅರ್ಜಿ ಕೊಡಲು ಬಂದ ಹೆಂಗಸಿನ ಸೆರಗು ಒದ್ದೆಯಾಗಿತ್ತು ಎಂದು ನೆನಪು. ಆದರೆ ಅರ್ಜಿ ಒಣಗಿಯೇ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರೇ? ಕವರು ನೆನಪಿಲ್ಲ. ಬೆವರಿನಿಂದಲೂ ಸೆರಗು ಒದ್ದೆಯಾಗುತ್ತದೆ. ಆಕೆ ನೆನೆದು ಬಂದಿದ್ದರು ಅಂದರೆ ನಾನು ಮಾಡಿದ್ದು ಇನ್ನಷ್ಟು ಒಳ್ಳೆಯ ಕೆಲಸದಂತೆ ಕಾಣುತ್ತದೆ. ಅದಕ್ಕೇ ಆ ಮಳೆಯ ಮೇಲೆ ನನಗೆ ಅನುಮಾನ.

ಬಂಗಾರಪೇಟೆಯ ಒಂದು ಕಚೇರಿಯಲ್ಲಿ ಗುತ್ತಿಗೆ ಗುಮಾಸ್ತೆಯಾಗಿ ಅದು ನನ್ನ ನಾಲ್ಕನೇ ತಿಂಗಳು. ಅದಕ್ಕೆ ಮೊದಲು ರಾಬರ್ಟ್‌ಸನ್‌ಪೇಟೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ, ಟೈಪಿಂಗ್ ಕಲಿತಿದ್ದೆ. ಮೇಷ್ಟ್ರು ತಮಿಳಿನಲ್ಲಿ ಬೈಯುತ್ತಾ ಕನ್ನಡ ಕೀಲಿಮಣೆ ಕಲಿಸುತ್ತಿದ್ದರು. ನಮ್ಮ ಬೆರಳುಗಳ ಮೇಲೆ ಹಳೆಯ ಪೇಪರು ಹೊದಿಸಿ, "ಕಣ್ಣು ಬೇಡ, ಕೈಗೆ ಗೊತ್ತಿರಬೇಕು" ಎನ್ನುತ್ತಿದ್ದರು. ಕಚೇರಿಯಲ್ಲಿ ನನಗೆ ಸಿಕ್ಕಿದ್ದು ಟೈಪಿಂಗ್ ಅಲ್ಲ, ಟಪಾಲು. ಬಂದ ಪ್ರತಿ ಕಾಗದಕ್ಕೂ ತಾರೀಖಿನ ಮೊಹರು ಒತ್ತಬೇಕು, ರಿಜಿಸ್ಟರಿನಲ್ಲಿ ಬರೆದು ನಂಬರು ಕೊಡಬೇಕು.

ಐದಕ್ಕೆ ದಿನದ ಕೊನೆಯ ಕಾಗದದ ಕೆಳಗೆ ಒಂದು ಸಾಲು ಖಾಲಿ ಬಿಟ್ಟು ಕೆಂಪು ಗೀಟು ಎಳೆಯುವುದು ಅಲ್ಲಿನ ಪದ್ಧತಿ. ಯಾವ ನಿಯಮದಲ್ಲೂ ಇಲ್ಲದ ಆ ಖಾಲಿ ಸಾಲು ಸಾಹೇಬರದು. ಅವರು ಮೀಟಿಂಗಿನಿಂದ ತಡವಾಗಿ ತಂದ ಕಾಗದಕ್ಕೂ ಆ ದಿನದ ತಾರೀಖೇ ಸಿಗಲಿ ಎಂದು. ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತೆ, ನಾನು ಮೇಡಂ ಎನ್ನುತ್ತಿದ್ದವರು, ಮೊದಲ ದಿನವೇ ಹೇಳಿದ್ದರು: "ರಿಜಿಸ್ಟರು ಬಸ್ಸಲ್ಲಮ್ಮಾ, ಕೈ ಅಡ್ಡ ಹಾಕ್ದೋರ್ನೆಲ್ಲ ಅತ್ತಿಸ್ಕೊಳ್ಳಾಕೆ."

ಮೊಹರಿನ ತಾರೀಖಿನ ಚಕ್ರವನ್ನು ಬೆಳಿಗ್ಗೆ ತಿರುಗಿಸಬೇಕೆಂದೂ ಅವರು ಕಲಿಸಿದ್ದರು. ನಾನು ಹಿಂದಿನ ಸಂಜೆಯೇ ಮರುದಿನದ ತಾರೀಖಿಗೆ ತಿರುಗಿಸಿಡುತ್ತಿದ್ದೆ. ಉರಿಗಾಂನಿಂದ ನಾನು ಬರುವ ರೈಲು ತಡವಾದರೆ ಕಿಟಕಿಯ ಮುಂದೆ ಆಗಲೇ ಜನ ನಿಂತಿರುತ್ತಿದ್ದರು.

ಆ ಹೆಂಗಸು ಬಂದಾಗ ಕೆಂಪು ಗೀಟು ಎಳೆದಾಗಿತ್ತು. ಹಾಸ್ಟೆಲ್ ಸೀಟಿಗೆ ಮಗಳ ಅರ್ಜಿ. ಅದೇ ಕೊನೆಯ ದಿನ.

"ಕಾಮಸಮುದ್ರದ್ ಬಸ್ಸು ದಾರೀಲೇ ನಿಂತೋಯ್ತು ಕಣಮ್ಮಾ. ನಡ್ಕಂಡ್ ಬಂದು ಇನ್ನೊಂದ್ ಇಡಿದೆ."

"ಟೈಮಾಯ್ತು," ಎಂದರು ಮೇಡಂ. "ನಾಳೆ ಬಾ."

"ನಾಳೆ ತಕ್ಕಂತೀರಾ?"

"ಇಲ್ಲ."

"ಮತ್ತೆ ನಾಳೆ ಯಾಕ್ ಬರ್ಲಿ, ನಿಮ್ ಮಕ ನೋಡಾಕಾ?"

ಮೇಡಂ ನಕ್ಕುಬಿಟ್ಟರು. "ನಾಲಿಗೆ ನೋಡು ಇವಳ್ದು!"

"ನಾಲ್ಗೆ ಬುಟ್ರೆ ಇನ್ನೇನೈತಕ್ಕಾ ನಮ್ತಾವ? ಸೀಟ್ ಸಿಗ್ನಿಲ್ಲ ಅಂದ್ರೆ ಓದು ಬುಡ್ಸಿ ಸೀಮೆ ಹಸೀನ್ ಹಿಂದೆ ಕಳಿಸ್ತೀನಿ ಅಂತಾವ್ನೆ ಅವ್ಳಪ್ಪ. ನಮ್ಮೂರಿಂದ ಕಾಲೇಜ್ ಟೈಮಿಗ್ ಬಸ್ಸಿಲ್ಲ."

ಮೇಡಂ ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು. "ಸಾಹೇಬ್ರು ಕೋಲಾರದಿಂದ ಇವತ್ತು ಬರಲ್ಲ. ಅವರ ಸಾಲು ಕೊಡು."

ಖಾಲಿ ಸಾಲಿನಲ್ಲಿ ಬರೆದೆ. ಅರ್ಜಿಯ ಮೇಲೊಂದು, ಆಕೆಯ ಪ್ರತಿಯ ಮೇಲೊಂದು ಮೊಹರು ಒತ್ತಿದೆ. ನೋಡಲಿಲ್ಲ, ಕೈಗೆ ಗೊತ್ತಿತ್ತು. ಆಕೆ ಪ್ರತಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು, "ತಣ್ಣಗಿರ್ರಮ್ಮಾ" ಎಂದು ಬಸ್ಸಿಗೆ ಓಡಿದರು. ಅರ್ಜಿ ಮೇಲಿನ ಮಹಡಿಗೆ ಹೋಗುವ ಟಪಾಲಿನ ಕಟ್ಟಿಗೆ ಸೇರಿತು.

ಮರುದಿನ ಬೆಳಿಗ್ಗೆ ಮೊದಲ ಕಾಗದಕ್ಕೆ ಮೊಹರು ಎತ್ತಿದಾಗ ತಾರೀಖು ಆಗಲೇ ಸರಿಯಾಗಿತ್ತು.

ಅಂದರೆ ನಾನದನ್ನು ಹಿಂದಿನ ಸಂಜೆಯೇ ತಿರುಗಿಸಿದ್ದೆ. ಆಕೆ ಹೋದ ಮೇಲೆ ತಿರುಗಿಸಿದ್ದರೆ ತೊಂದರೆಯಿಲ್ಲ. ಬರುವ ಮೊದಲೇ ತಿರುಗಿಸಿದ್ದರೆ ಆ ಅರ್ಜಿಯ ಮೇಲೂ ಆಕೆಯ ಪ್ರತಿಯ ಮೇಲೂ ಬಿದ್ದದ್ದು ಕೊನೆಯ ದಿನದ ಮರುದಿನದ ತಾರೀಖು. ಎಷ್ಟೋ ಸಲ ಆ ಸಂಜೆಯನ್ನು ನೆನೆಸಿಕೊಂಡಿದ್ದೇನೆ. ಒಮ್ಮೆ ಬೆರಳು ಚಕ್ರ ತಿರುಗಿಸುವುದು ಆಕೆಯ ದನಿ ಕೇಳುವ ಮೊದಲು, ಇನ್ನೊಮ್ಮೆ ಕೇಳಿದ ಮೇಲೆ. ಎರಡೂ ಅಷ್ಟೇ ಸ್ಪಷ್ಟ. ಸ್ಪಷ್ಟವಾಗಿರುವುದರಿಂದಲೇ ಎರಡನ್ನೂ ನಂಬಲಾರೆ.

ಮಹಡಿ ಹತ್ತಿ ಅರ್ಜಿ ನೋಡಬಹುದಿತ್ತು. ಹದಿನೆಂಟೋ ಇಪ್ಪತ್ತೋ ಮೆಟ್ಟಿಲು. ನೋಡಿದರೆ ಏಕೆಂದು ಕೇಳುತ್ತಾರೆ, ಗೀಟು ಎಳೆದ ಮೇಲೆ ತೆಗೆದುಕೊಂಡದ್ದು ತಿಳಿಯುತ್ತದೆ, ಮೇಡಂಗೆ ನೋಟಿಸು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಗುತ್ತಿಗೆಯ ನವೀಕರಣ ಮುಂದಿನ ತಿಂಗಳಿತ್ತು, ಅದನ್ನು ಹೇಳಿಕೊಳ್ಳಲಿಲ್ಲ. ಮೇಡಂಗೂ ಹೇಳಲಿಲ್ಲ. ನವೀಕರಣವಾಯಿತು. ಆಯ್ಕೆ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ ವಾರ ನಾನು ಹಿಂಬಾಗಿಲಿನಿಂದ ಓಡಾಡಿದೆ.

ಹೆಂಗಸು ಮತ್ತೆ ಬರಲಿಲ್ಲ. ಸೀಟು ಸಿಕ್ಕಿದವರೂ ಬರುವುದಿಲ್ಲ, ಸಿಗದೆ ಸುಮ್ಮನಾದವರೂ ಬರುವುದಿಲ್ಲ. ಆ ಹುಡುಗಿ ಕಾಲೇಜು ಸೇರಿದಳೋ ಇಲ್ಲವೋ ನನಗೆ ಗೊತ್ತಿಲ್ಲ.