ನಾನು ಮಾರದ ಹಾಲಿನ ಪುಡಿ

ನಾವು ಕೆಸರೆಯಲ್ಲಿದ್ದಾಗ ಮೊಮ್ಮಗಳಿಗೆ ಆಗಾಗ ಭೇದಿಯಾಗುತ್ತಿತ್ತು. ತಿಂಗಳಿಗೊಂದು ಸಲ ಅವಳ ತೂಕ ಹಾಕಿಸಿ, ಪುಕ್ಕಟೆ ಹಾಲಿನ ಪುಡಿ ತರಲು ಆಸ್ಪತ್ರೆಗೆ ಹೋಗುತ್ತಿದ್ದೆ. ಒಂದು ಸಲ ತೂಕ ಇನ್ನೂ ಇಳಿದಿತ್ತು.

“ಏನಜ್ಜಿ, ಪುಡೀನ ಯಾವ ಹೋಟೆಲಿಗೆ ಮಾರಿದೆ? ಇನ್ನೊಂದು ಸಲ ಹಿಂಗಾದರೆ ಮಗು ಹೆಸರು ಹೊಡೆದುಹಾಕ್ತೀನಿ,” ಅಂದಳು ಪುಡಿ ಅಳೆದು ಕೊಡುವ ನರ್ಸಮ್ಮ, ಅಷ್ಟು ಜನರ ಎದುರಿಗೆ.

ನನಗೆ ಮೈಯೆಲ್ಲಾ ಉರಿದುಹೋಯಿತು. “ಎರಡು ಹೊತ್ತೂ ನನ್ನ ಕೈಯಾರೆ ಕಲಸಿ ಕುಡಿಸ್ತೀನಿ ಕಣಮ್ಮ,” ಅಂದೆ.

ಕಸ ಗುಡಿಸುತ್ತಿದ್ದ ಆಯಾ ತಲೆ ಎತ್ತಿದಳು. “ಯಾವ ನೀರಲ್ಲಿ ಕಲಸ್ತೀಯವ್ವ?”

“ಚರಂಡಿ ಪಕ್ಕದ ಕೊಳಾಯಿದು.”

“ಕಾಯಿಸ್ತೀಯಾ?”

“ಮಗೂಗೆ ಎರೆಯೋಕೆ ದಿನಾ ಹಂಡೆ ತುಂಬ ಕಾಯಿಸ್ತೀನಿ. ಕುಡಿಯೋ ನೀರು ಯಾರು ಕಾಯಿಸ್ತಾರೆ?”

“ಅದಕ್ಕೇ ಭೇದಿ ಕಣವ್ವ. ಭೇದಿ ನಿಲ್ಲದೆ ಹಾಲು ಮೈಗೆ ಹತ್ತಲ್ಲ.”

ನರ್ಸಮ್ಮನಿಗೆ ಈ ಒಂದು ಮಾತು ಹೇಳಲು ಬಾಯಿ ಇರಲಿಲ್ಲ. ನನ್ನನ್ನು ಕಳ್ಳಿ ಅನ್ನಲು ಇತ್ತು.

ಅಂದಿನಿಂದ ಕೈ ತೊಳೆದು, ನೀರು ಕುದಿಸಿ ಆರಿಸಿ ಕಲಸಿದೆ. ಭೇದಿ ನಿಂತಿತು, ಮುಂದಿನ ತಿಂಗಳು ತೂಕವೂ ಏರಿತು. ನರ್ಸಮ್ಮ ನಕ್ಕು, “ನೋಡಿದೆಯಾ ಅಜ್ಜಿ, ಮಾರೋದು ಬಿಟ್ಟ ಮೇಲೆ ಮಗು ಹೆಂಗಾಯ್ತು,” ಅಂದಳು.

ಬಾಯಿ ತುಂಬ ಬೈಗುಳ ಬಂದಿತ್ತು. ಆದರೆ ಮುಂದಿನ ಪುಡಿಯೂ ಅವಳ ಕೈಯಿಂದಲೇ ಬರಬೇಕಲ್ಲ, ನುಂಗಿಕೊಂಡೆ.