ಮೆಕ್ಯಾನಿಕ್ಕಿನ ಎದುರು ಸೋರದ ವ್ಯಾನು

ನನ್ನ ವ್ಯಾನಿಗೆ ಮಾನ ಮರ್ಯಾದೆ ಸ್ವಲ್ಪ ಹೆಚ್ಚು. ಮೆಕ್ಯಾನಿಕ್ಕಿನ ಎದುರು ಅದು ಒಂದು ಹನಿಯನ್ನೂ ಸೋರುವುದಿಲ್ಲ. ವಾರಗಟ್ಟಲೆ ಕಾಡಿದ ಹಲ್ಲುನೋವು ದಂತವೈದ್ಯರ ಮೆಟ್ಟಿಲು ಹತ್ತುವಾಗ ಮಾಯವಾಗುವುದು ನಿಮಗೂ ಗೊತ್ತಿರಬಹುದು. ಈ ವಿದ್ಯೆ ವಾಹನಗಳಿಗೂ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

ನಾನು ಸಾಗರದವಳು. ನಮ್ಮದೊಂದು ಹೆಂಗಸರ ತಾಳಮದ್ದಲೆ ತಂಡ. ವೇಷವಿಲ್ಲ, ಕುಣಿತವಿಲ್ಲ, ಸೀರೆಯುಟ್ಟು ಸಾಲಾಗಿ ಕೂತು, ಭಾಗವತರ ಪದ ಮುಗಿದೊಡನೆ ಎದುರು ಪಾತ್ರದವರ ಮೇಲೆ ಮಾತಿನಲ್ಲೇ ಏರಿಹೋಗುವುದು ನಮ್ಮ ಕೆಲಸ. ಇವತ್ತು ಹೌದೆಂದು ವಾದಿಸಿ ಗೆದ್ದದ್ದನ್ನು ನಾಳೆ ಪಾತ್ರ ಬದಲಾದರೆ ಅಲ್ಲವೆಂದೂ ಗೆಲ್ಲಬೇಕು. ಈ ಅಭ್ಯಾಸ ವೇದಿಕೆಗೆ ಒಳ್ಳೆಯದು, ವ್ಯಾನ್ ರಿಪೇರಿಗೆ ಅಷ್ಟು ಒಳ್ಳೆಯದಲ್ಲ.

ತಂಡವನ್ನು ಕರೆದೊಯ್ಯುವ ಹಳೆಯ ವ್ಯಾನು ನನ್ನದು, ಓಡಿಸುವವಳೂ ನಾನೇ. ಪಕ್ಕದ ಸೀಟು ಭಾರ್ಗವಿಯದು. ವೇದಿಕೆಯಲ್ಲಿ ಅವಳು ನನ್ನ ಖಾಯಂ ಎದುರಾಳಿ. ಈ ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಾದ್ದರಿಂದ, ಎಂಜಿನ್ ತಣಿಸುವ ಕೂಲೆಂಟ್ ಎಂಬ ಆ ಹಸಿರು ನೀರು ಕಡಿಮೆಯಾದದ್ದು ಬಿಸಿ ತೋರಿಸುವ ಮೀಟರಿನ ಮುಳ್ಳಿಗಿಂತ ಮೊದಲು ಭಾರ್ಗವಿಗೆ ಗೊತ್ತಾಗುತ್ತದೆ. "ಸುಮಕ್ಕಾ, ನಿಲ್ಸು. ದೋಸೆ ಕಾವಲಿ ಮೇಲೆ ಕೂತಾಂಗೆ ಆಗ್ತಾ ಇದ್ದು," ಎನ್ನುತ್ತಾಳೆ. ನಿಲ್ಲಿಸುವಷ್ಟರಲ್ಲಿ ಹಬೆ ಏಳುತ್ತದೆ.

ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿ ಎನ್ನುತ್ತದೆ ನಮ್ಮ ತರ್ಕಶಾಸ್ತ್ರ. ಹಬೆಯನ್ನೇ ಹೊಗೆಯೆಂದು ಭ್ರಮಿಸಿ ಇಲ್ಲದ ಬೆಂಕಿಯನ್ನು ಊಹಿಸಬೇಡ ಎಂದೂ ಎಚ್ಚರಿಸುತ್ತದೆ. ಆ ಕಾಲದ ಪಂಡಿತರಲ್ಲಿ ಯಾರಿಗೋ ಇಂಥದೇ ವ್ಯಾನ್ ಇದ್ದಿರಬೇಕು. ನಾವು ಮಾತ್ರ ರಸ್ತೆ ಬದಿಯಲ್ಲಿ ನಿಂತು ಎಲ್ಲವನ್ನೂ ಊಹಿಸಿದೆವು. ಎಲ್ಲೋ ಸೋರುತ್ತಿದೆ ಎಂದು ನಾನು. ಸೋರಿದ್ದರೆ ಕಾಣಬೇಕಿತ್ತು, ನೀನೇ ತುಂಬಿಸಲು ಮರೆತಿದ್ದೀಯ ಎಂದು ಭಾರ್ಗವಿ. ಎಂಜಿನ್ ತಣಿಯುವ ಹೊತ್ತಿಗೆ ಅವಳು ನನ್ನ ವಾದಕ್ಕೆ ಬಂದಿರುತ್ತಿದ್ದಳು, ನಾನು ಅವಳದಕ್ಕೆ. ಆಗಲೂ ಇಬ್ಬರ ದನಿ ಒಂದಿಷ್ಟೂ ಇಳಿದಿರುತ್ತಿರಲಿಲ್ಲ.

ತೀರ್ಥಹಳ್ಳಿಯ ದಾರಿಯಲ್ಲಿ ಸಿಗುವ ಹೊಸನಗರದ ಮೆಕ್ಯಾನಿಕ್ ಪಾಪ, ಪ್ರತಿ ಸಲವೂ ಟಾರ್ಚ್ ಹಿಡಿದು ಅಡಿಯಲ್ಲಿ ಮಲಗಿ ನೋಡುತ್ತಿದ್ದ. "ಎಲ್ಲೂ ಲೀಕ್ ಇಲ್ಲ ಅಕ್ಕಾ. ಒಣಗಿ ಬಣಬಣ ಅಂತಿದೆ. ಎರಡು ದಿನ ಇಲ್ಲೇ ಬಿಟ್ಟೋಗಿ, ನೋಡಣ." ವ್ಯಾನ್ ಬಿಟ್ಟುಹೋಗುವುದು ಏಕೆ ಸಲ್ಲದು ಎಂಬುದನ್ನು ನಾನು ಧರ್ಮ, ನೀತಿ, ಲೋಕರೂಢಿ ಮೂರರಿಂದಲೂ ಸಮರ್ಥಿಸಿದೆ. ಹಿಂದಿನ ಸೀಟಿನವರು ತಲೆದೂಗಿದರು. ಅವನು ಕೈಮುಗಿದು ಕೀಲಿ ಕೊಟ್ಟ. ವಾದ ಗೆದ್ದ ಖುಷಿಯಲ್ಲಿ ಸೋರುವ ವ್ಯಾನನ್ನು ಮನೆಗೆ ತಂದೆ.

ಹೀಗೆ ತೀರ್ಥಹಳ್ಳಿಯ ಕಾರ್ಯಕ್ರಮಕ್ಕೆ ಎರಡು ಸಲ ತಡವಾಯಿತು. ಎರಡನೆಯ ಸಲ ನಾವು ತಲುಪಿದಾಗ ನಮ್ಮ ಹೊತ್ತನ್ನು ಯಾರದೋ ಭಾಷಣ ನುಂಗಿತ್ತು. ಭಾರ್ಗವಿ ಜಗಳವಾಡಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು. ಮೆಲ್ಲಗೆ ಹೇಳಿದಳು: "ಪಕ್ಕದೂರಿನ ತಾಳಮದ್ದಲೆ ತಂಡದವು ನನ್ನ ಕರೀತಾ ಇದ್ದ. ಅವರ ಗಾಡಿ ಹೊಸದು, ಏಸಿನೂ ಇದ್ದು. ಇನ್ನೊಂದ್ಸಲ ಹಿಂಗಾದ್ರೆ ನಾನು ಹೋಗ್ತಿ." ಅವಳು ಹೋದರೆ ತಂಡ ಉಳಿಯುತ್ತದೆ, ನಾನು ಉಳಿಯುವುದಿಲ್ಲ. ನನ್ನ ಮಾತನ್ನು ಅವಳಷ್ಟು ಗಮನವಿಟ್ಟು ಕೇಳುವವರು ಈ ಲೋಕದಲ್ಲಿ ಇನ್ನೊಬ್ಬರಿಲ್ಲ, ಕತ್ತರಿಸುವುದಕ್ಕಾದರೂ ಕೇಳುತ್ತಾಳಲ್ಲ.

ಮೂರನೆಯ ಸಲ ತೀರ್ಥಹಳ್ಳಿಗೆ ಕರೆ ಬಂದಾಗ, ಬೆಳಿಗ್ಗೆ ಬೇಗ ಹೊರಡೋಣವೆಂದು ಹಿಂದಿನ ಸಂಜೆಯೇ ಭಾರ್ಗವಿಯ ಮನೆಗೆ ಹೋಗಿ ಉಳಿದೆ. ನಮ್ಮ ಅಂಗಳ ಜಲ್ಲಿಕಲ್ಲಿನದು, ಬಿದ್ದದ್ದನ್ನೆಲ್ಲ ಕುಡಿದು ಸುಮ್ಮನಿರುತ್ತದೆ. ಅವಳದು ನುಣ್ಣನೆಯ ಸಿಮೆಂಟಿನ ಪೋರ್ಟಿಕೊ. ಬೆಳಗಿನ ಚಳಿಯಲ್ಲಿ, ಇನ್ನೂ ಕತ್ತಲಿರುವಾಗಲೇ ಅವಳು ನೆಲ ತೊಳೆದು ವ್ಯಾನಿನ ಮೂತಿಯ ಕೆಳಗೆ ಉಳಿದಷ್ಟು ಜಾಗದಲ್ಲೇ ರಂಗೋಲಿ ಇಟ್ಟು ಒಳಗೆ ಬಂದಳು. ಕಾಫಿ ಕುಡಿದು ಹೊರಗೆ ಹೋದವಳು ಅಲ್ಲಿಂದಲೇ ಕೂಗಿದಳು: "ಯಾರೇ ನನ್ನ ರಂಗೋಲಿಗೆ ಹಸಿರು ಬಣ್ಣ ಹಾಕಿದ್ದು?"

ಇಬ್ಬರೂ ನೆಲಕ್ಕೆ ಕೆನ್ನೆ ಆನಿಸಿ ನೋಡಿದೆವು. ರೇಡಿಯೇಟರಿಗೆ ಸೇರುವ ಕೆಳಗಿನ ರಬ್ಬರ್ ಪೈಪಿನ ತುದಿಯಲ್ಲಿ, ಕ್ಲಿಪ್ ಹಾಕಿದ ಜಾಗದಲ್ಲಿ, ಒಂದು ಹನಿ ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಚಳಿಗೆ ರಬ್ಬರ್ ಕುಗ್ಗಿದಾಗ ಸಂದಿ ಬಿಟ್ಟು ರಾತ್ರಿಯೆಲ್ಲ ಹನಿಯುತ್ತದೆ, ಎಂಜಿನ್ ಕಾದರೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಹೊಸನಗರದ ತನಕ ಓಡಿಸಿ, ಬಿಸಿ ಮಾಡಿ, ಸೋರಿಕೆಯನ್ನು ನಾನೇ ವಾಸಿಮಾಡಿ, ಆಮೇಲೆ ಮೆಕ್ಯಾನಿಕ್ಕಿಗೆ ತೋರಿಸುತ್ತಿದ್ದೆ. ಅವನು ಹೇಳಿದ್ದು ಸತ್ಯ, ನಾನು ಹೇಳಿದ್ದೂ ಸತ್ಯ. ಭಾರ್ಗವಿ ಎರಡೂ ಹೇಳಿದ್ದಳಾದ್ದರಿಂದ ಅವಳದು ಎಲ್ಲರಿಗಿಂತ ಹೆಚ್ಚು ಸತ್ಯ.

ಸ್ಕ್ರೂ ಡ್ರೈವರ್ ತಂದು ಕ್ಲಿಪ್ ಬಿಗಿ ಮಾಡಿದೆ. ಇಬ್ಬರೂ ಕಾದು ನೋಡಿದೆವು. ಮತ್ತೊಂದು ಹನಿ ಬರಲಿಲ್ಲ. ಖಾಲಿಯಾದಷ್ಟು ತುಂಬಿಸಿ, ಉಳಿದವರನ್ನು ಹತ್ತಿಸಿಕೊಂಡು ಹೊರಟೆವು.

ತೀರ್ಥಹಳ್ಳಿಯಲ್ಲಿ ಇನ್ನೂ ಜಮಖಾನ ಹಾಸುತ್ತಿದ್ದರು. ನಮ್ಮನ್ನು ಕಂಡು ಸಂಘಟಕರು ಗಡಿಯಾರ ನೋಡಿಕೊಂಡರು. ಅಂದು ಭಾರ್ಗವಿ ನನ್ನನ್ನು ಎಂಥ ಮೂಲೆಗೆ ತಳ್ಳಿದಳೆಂದರೆ, ಮುಂದಿನ ಪದ ಎತ್ತಿಕೊಳ್ಳಲಿ ಎಂದು ನಾನು ಭಾಗವತರ ಮುಖ ನೋಡಿದೆ. ಸೋತು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಆದರೆ ಮುಗಿದ ಮೇಲೆ, ಸಭೆಯಲ್ಲಿದ್ದ ಆ ಇನ್ನೊಂದು ತಂಡದ ಯಜಮಾನಿ ಭಾರ್ಗವಿಯನ್ನು ಪಕ್ಕಕ್ಕೆ ಕರೆದು ಬಹಳ ಹೊತ್ತು ಮಾತಾಡಿದಳು. ಅಷ್ಟು ಹೊತ್ತೂ ನಾನು ವ್ಯಾನಿನ ಬಳಿ ಕೀಲಿ ತಿರುಗಿಸುತ್ತಾ ನಿಂತಿದ್ದೆ.

ವಾಪಸು ಬರುವಾಗ ಮುಳ್ಳು ಅರ್ಧಕ್ಕೇ ನಿಂತಿತ್ತು. ಹಬೆ ಇಲ್ಲ, ನಿಲ್ಲಿಸಬೇಕಿಲ್ಲ, ವಾದಕ್ಕೆ ವಿಷಯವೂ ಇಲ್ಲ. ಹಿಂದಿನವರು ನಿದ್ದೆಹೋದರು. ಭಾರ್ಗವಿ ಕಿಟಕಿಯಾಚೆ ನೋಡುತ್ತಿದ್ದಳು. ಸರಿಹೋದ ವ್ಯಾನನ್ನು ಓಡಿಸುತ್ತಾ ನಾನು ಮುಳ್ಳು ಏರಲೆಂದು ಮತ್ತೆ ಮತ್ತೆ ನೋಡುತ್ತಿದ್ದೆ. ಹೊಸನಗರ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಸುಮಕ್ಕಾ, ಹಿಂದಿನ ಚಕ್ರದಲ್ಲಿ ಎಂತೋ ಕಟಕಟ ಹೇಳ್ತಾ ಇದ್ದು. ನಮ್ಮ ಮುಂದಿನ ಕಾರ್ಯಕ್ರಮದೊಳಗೆ ಸರಿ ಮಾಡ್ಸು."

ನನಗೆ ಯಾವ ಶಬ್ದವೂ ಕೇಳಿಸಿರಲಿಲ್ಲ. ಆದರೂ ಅದು ಹಿಂದಿನದಲ್ಲ, ಮುಂದಿನ ಚಕ್ರದ್ದು ಎಂದೆ.