ಬೇರಿಂಗ್ ಸಮುದ್ರದ ತಳದಲ್ಲೊಂದು ಬೇಸಿಗೆ

ಮೊನ್ನೆ ಶನಿವಾರ ಫ್ರೀಮಾಂಟಿನ ಟೈರ್ ಅಂಗಡಿಯಲ್ಲಿ ಕಾರಿಗಾಗಿ ಕಾಯುತ್ತ ಕೂತಿದ್ದೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಲ್ಲುಗಳು ಕಟಕಟ ಅನ್ನತೊಡಗಿದವು. ಹೊರಗೆ ಸುಡುಬಿಸಿಲು. ಪಕ್ಕದಲ್ಲಿದ್ದ ಮುದುಕರೊಬ್ಬರು ಇವಳಿಗೇನೋ ಚಳಿಜ್ವರ ಎಂದುಕೊಂಡು ಒಂದು ಕುರ್ಚಿ ಆಚೆ ಸರಿದರು. ಜ್ವರವಲ್ಲ, ನೆನಪು. ರಬ್ಬರಿನ ಉಡುಪು ತೊಟ್ಟು ಅಲಾಸ್ಕಾದ ಸಮುದ್ರದ ತಳದಲ್ಲಿ ನಾನು ಚಿನ್ನ ತೆಗೆದ ಬೇಸಿಗೆಯ ನೆನಪು. ನಗಬೇಡಿ. ನಗಲೇಬೇಕಾದರೆ ಪೂರ್ತಿ ಕೇಳಿದ ಮೇಲೆ ನಗಿ.

ಮೂರು ವರ್ಷದ ಹಿಂದಿನ ಮಾತು. ಯೂನಿಯನ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಪಂಪುಗಳ ಉಸ್ತುವಾರಿ ನೋಡಿಕೊಂಡಿದ್ದ ನನ್ನನ್ನು ಹದಿನೈದು ನಿಮಿಷದ ಮೀಟಿಂಗಿನಲ್ಲಿ ಮನೆಗೆ ಕಳಿಸಿದರು. ಆಗ ನನಗೆ ಐವತ್ತೊಂದು. ಅರ್ಜಿ ಹಾಕಿದ ಕಡೆಯೆಲ್ಲ ನಿಮ್ಮ ಅನುಭವ ಜಾಸ್ತಿಯಾಯಿತು ಎಂದರು, ವಯಸ್ಸು ಎನ್ನಲು ನಾಚಿಕೊಂಡು. ನಮ್ಮ ಯಜಮಾನರು, "ದುಡಿದದ್ದು ಸಾಕು. ಆರಾಮಾಗಿ ಗಾರ್ಡನ್ ನೋಡ್ಕೊಂಡಿರು" ಎಂದರು. ನಮ್ಮ ಗಾರ್ಡನ್ನಿನಲ್ಲಿದ್ದದ್ದು ಕುಂಡದಲ್ಲೊಂದು ಕರಿಬೇವಿನ ಗಿಡ. ಅದನ್ನು ದಿನಕ್ಕೆಷ್ಟು ಸಲ ನೋಡುವುದು?

ಪಂಪಿನ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಮಂಡ್ಯದ ಹತ್ತಿರ ನಮ್ಮೂರಿನಲ್ಲಿ ಅಪ್ಪ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದರು. ಗ್ರೀಸು ಬಳಿದುಕೊಂಡ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಅವ್ವ ಗೊಣಗಿದರೆ, ಅಪ್ಪ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟೇ ಹೇಳುತ್ತಿದ್ದರು: "ಸುಮ್ಕಿರಮ್ಮಿ. ಬಿಚ್ಚೋರು ಗಂಡೋ ಹೆಣ್ಣೋ ಅಂತ ಪಂಪ್ಗೇನು ಗೊತ್ತಾಯ್ತದಾ?"

ಆ ಖಾಲಿ ದಿನಗಳಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಅಲಾಸ್ಕಾದ ಬಂದರೊಂದರಲ್ಲಿ, ಚಿನ್ನ ತೆಗೆಯುವ ಸಣ್ಣ ದೋಣಿಗೆ ಪಂಪು, ಎಂಜಿನ್ನು ಬಲ್ಲವರು ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಯಜಮಾನರಿಗೆ ತೋರಿಸಿದೆ.

"ತಲೆ ಕೆಟ್ಟಿದ್ಯಾ ನಿಂಗೆ? ಜನ ಏನಂತಾರೆ?"

ಮಗಳಿಗೆ ಫೋನು ಮಾಡಿದೆ. ಕನ್ನಡ ಅರ್ಥವಾದರೂ ಆಡಲು ಬಾರದ ಹುಡುಗಿ. ಎಲ್ಲ ಕೇಳಿಸಿಕೊಂಡು, "ಅಮ್ಮಾ, ಜಸ್ಟ್ ಗೋ" ಎಂದಳು. ಹೋದೆ.

ದೋಣಿಯ ಒಡತಿ ರೂತ್, ಅರವತ್ತು ದಾಟಿದ, ಕಡ್ಡಿಯಂಥ ಹೆಂಗಸು. ಕೆಲಸ ಹೀಗೆ: ಮುಳುಗುವವನೊಬ್ಬ ಕೆಳಗಿಳಿದು ದಪ್ಪ ಪೈಪಿನಲ್ಲಿ ತಳದ ಮರಳನ್ನು ಹೀರಿಸುತ್ತಾನೆ. ದೋಣಿಯ ಮೇಲಿನ ಇಳಿಜಾರು ತೊಟ್ಟಿಯಲ್ಲಿ ಮರಳು ನೀರಿನೊಡನೆ ಹರಿದುಹೋಗುತ್ತದೆ, ಭಾರವಾದ ಚಿನ್ನ ಅಲ್ಲಿ ಹಾಸಿದ ಚಾಪೆಗೆ ಸಿಕ್ಕಿಕೊಳ್ಳುತ್ತದೆ. ಮುಳುಗಿದವನ ಉಸಿರಿಗೆ ಒಂದು ಪೈಪಿನಲ್ಲಿ ಗಾಳಿ. ಮೈ ಮರಗಟ್ಟದಿರಲು ಇನ್ನೊಂದರಲ್ಲಿ ಉಡುಪಿನೊಳಕ್ಕೆ ಬಿಸಿನೀರು. ಈ ಪಂಪುಗಳ ಸಂಸಾರವೆಲ್ಲ ನನ್ನದು.

ಜುಲೈ ಕೊನೆಗೆ, ಮುಳುಗುತ್ತಿದ್ದ ಕೋಡಿ ಎಂಬಾತ ಭುಜ ಉಳುಕಿಸಿಕೊಂಡು ಊರಿಗೆ ಹೊರಟುಹೋದ. ಬದಲಿಗೆ ಯಾರೂ ಸಿಗಲಿಲ್ಲ. ದೋಣಿ ಕಟ್ಟೆಗೆ ಕಟ್ಟಿದ್ದಲ್ಲೇ ಐದು ದಿನ ಕಳೆಯಿತು. ಆರನೆಯ ದಿನ, "ನಾನು ಇಳೀತೀನಿ" ಎಂದೆ.

ರೂತ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನಾ?"

"ನಾನೇ. ಐವತ್ತು ತುಂಬಿದಾಗ ಮಗಳ ಜೊತೆ ಮಾಂಟೆರೆಯಲ್ಲಿ ಡೈವಿಂಗ್ ಕಲ್ತಿದೀನಿ."

ಅವಳು ಒಂದು ವಾರ ದಡದ ಹತ್ತಿರವೇ ಇಳಿಸಿ, ಹತ್ತಿಸಿ, ಪರೀಕ್ಷೆ ಮಾಡಿದಳು. ಕೋಡಿಯ ಉಡುಪು ನನಗೆ ಹೊಟ್ಟೆಯಲ್ಲಿ ಬಿಗಿ, ತೋಳಿನಲ್ಲಿ ಉದ್ದ. ತೊಟ್ಟು ನಡೆದರೆ ಗುಡಾಣಕ್ಕೆ ಕಾಲು ಬಂದಂತೆ ಕಾಣುತ್ತಿದ್ದೆ. ಪಕ್ಕದ ದೋಣಿಯವರು ಫೋಟೊ ತೆಗೆದರು. ತೆಗೆಯಲಿ. ಕೆಳಗೆ ಹಸಿರು ಮಬ್ಬಿನಲ್ಲಿ ಏಡಿಗಳ ನಡುವೆ ಮೊಣಕಾಲೂರಿ ಕಲ್ಲು ಸರಿಸುತ್ತಿದ್ದರೆ ನನ್ನ ವಯಸ್ಸು ಕೇಳುವವರೇ ಇರಲಿಲ್ಲ. ಮೊದಲ ಸಲ ಜೇಡಿಮಣ್ಣಿನಲ್ಲಿ ಹಳದಿ ಚುಕ್ಕಿ ಕಂಡಾಗ, ಬಾಯಲ್ಲಿ ಉಸಿರುಕೊಳವೆ ಇರುವುದನ್ನು ಮರೆತು "ಅಪ್ಪಾ!" ಎಂದು ಕೂಗಿ ಒಂದು ಗುಟುಕು ಉಪ್ಪುನೀರು ಕುಡಿದೆ.

ಆಗಸ್ಟಿನ ಒಂದು ಮಧ್ಯಾಹ್ನ ಬಿಸಿನೀರು ನಿಂತುಹೋಯಿತು. ಮೊದಲು ಬೆನ್ನು ತಣ್ಣಗಾಯಿತು, ಆಮೇಲೆ ಸಾವಿರ ಸೂಜಿ ಒಟ್ಟಿಗೇ ಚುಚ್ಚಿದಂತಾಯಿತು. ಮೇಲಿನವರಿಗೆ ಸನ್ನೆ ಕೊಡಲು ಸೊಂಟಕ್ಕೆ ಕಟ್ಟಿದ ಹಗ್ಗ ಜಗ್ಗಬೇಕೆಂದು ಗೊತ್ತು, ಬೆರಳು ಮಾತ್ರ ಮಾತು ಕೇಳುತ್ತಿಲ್ಲ. ಕೊನೆಗೆ ಹಗ್ಗವನ್ನು ಮೊಣಕೈಗೆ ಸುತ್ತಿ ಇಡೀ ಮೈಯಿಂದ ಎಳೆದೆ. ರೂತ್ ನನ್ನನ್ನು ದೋಣಿಗೆ ಎತ್ತಿಹಾಕಿ, ಕಂಬಳಿ ಹೊದೆಸಿ, ನನ್ನ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಅಳತೊಡಗಿದಳು.

"ಸಾಕು. ನಾಳೆ ವಿಮಾನ ಹತ್ತು. ನಿನ್ನ ಗಂಡನಿಗೆ ನಾನು ಏನು ಉತ್ತರ ಹೇಳಲಿ?"

ಎರಡು ಲೋಟ ಚಹಾ ಒಳಗಿಳಿದು ನಡುಕ ನಿಂತ ಮೇಲೆ ಬಿಸಿನೀರಿನ ಪಂಪು ಬಿಚ್ಚಿದೆ. ಒಳಗಿನ ರಬ್ಬರ್ ಚಕ್ರದ ಎಲೆಗಳು ಮುರಿದುಹೋಗಿದ್ದವು. ಪೆಟ್ಟಿಗೆಯಲ್ಲಿ ಹೊಸದೊಂದಿತ್ತು. ಕೂಡಿಸಿ ಓಡಿಸಿದೆ, ನೀರು ಹೊಗೆಯಾಡುತ್ತ ಬಂತು.

"ಗಂಡನಿಗೆ ಉತ್ತರ ನಾನೇ ಹೇಳ್ಕೋತೀನಿ. ಹೊತ್ತಿದೆ, ಇಳಿಸು" ಎಂದೆ.

ಬುದ್ಧಿವಂತರು ಮಾಡುವ ಕೆಲಸ ಎಂದು ನಾನೂ ಹೇಳುವುದಿಲ್ಲ. ಆದರೆ ಅವತ್ತು ಹೆದರಿ ದಡ ಸೇರಿದ್ದರೆ ಉಳಿದ ಜೀವಮಾನವೆಲ್ಲ ದಡದಲ್ಲೇ ಎಂಬುದು ನನಗೆ ಖಚಿತವಿತ್ತು. ಇಳಿದೆ. ಸೆಪ್ಟೆಂಬರಿನ ಬಿರುಗಾಳಿಗಳು ದೋಣಿಗಳನ್ನೆಲ್ಲ ಮನೆಗೆ ಅಟ್ಟುವವರೆಗೆ ದಿನವೂ ಇಳಿದೆ. ನನ್ನ ಪಾಲಿಗೆ ಬಂದ ಚಿನ್ನ ಒಂದು ಸಾಸಿವೆ ಡಬ್ಬಿಯ ತಳ ಮುಚ್ಚುವಷ್ಟು.

ಮನೆಗೆ ಬಂದ ಮೇಲೆ ತಿಳಿಯಿತು: ನಾನು ಮೈಸೂರಿನಲ್ಲಿ ಅತ್ತೆಯ ಸೇವೆ ಮಾಡುತ್ತಿದ್ದೇನೆಂದು ಯಜಮಾನರು ಊರಿಗೆಲ್ಲ ಹೇಳಿಬಿಟ್ಟಿದ್ದರು. ಕೇಳಿದ್ದಕ್ಕೆ, "ಮತ್ತೇನಂತ ಹೇಳ್ಲಿ?" ಎಂದರು. ಸಮುದ್ರದ ತಳಕ್ಕೆ ಹೆದರದವಳು ಆ ಸುಳ್ಳಿಗೆ ಮಣಿದು ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಶೌರ್ಯದ ಮಟ್ಟ ಇಷ್ಟು.

ಟೈರ್ ಅಂಗಡಿಗೆ ಹೋದ ಮರುದಿನ ಸ್ಯಾನ್ ರಮೋನಿನ ಗೆಳೆಯರ ಮನೆಯಲ್ಲಿ ಊಟವಿತ್ತು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಮೆಚ್ಚುಗೆಯಿಂದ, "ಆಂಟಿ, ನೀವು ನಾಲ್ಕು ತಿಂಗ್ಳು ಅತ್ತೇನ ನೋಡ್ಕೊಂಡಿದ್ರಂತೆ! ಎಷ್ಟು ತಾಳ್ಮೆ ನಿಮ್ಗೆ!" ಎಂದಳು. ಯಜಮಾನರು ತಟ್ಟೆಯಲ್ಲಿದ್ದ ಪಲ್ಯವನ್ನು ತದೇಕಚಿತ್ತದಿಂದ ನೋಡತೊಡಗಿದರು.

"ಇಲ್ಲಮ್ಮ, ನಮ್ಮತ್ತೆ ಗಟ್ಟಿಯಾಗೇ ಇದ್ರು. ನಾನು ಅಲಾಸ್ಕಾದಲ್ಲಿ ಸಮುದ್ರದ ತಳದಿಂದ ಚಿನ್ನ ತೆಗೀತಿದ್ದೆ."

ಆತಿಥೇಯರ ವಯಸ್ಸಾದ ತಾಯಿ ಮಜ್ಜಿಗೆ ಲೋಟ ಕೆಳಗಿಟ್ಟು, "ಸಿಕ್ತೇನಮ್ಮ?" ಎಂದರು.

"ಸಿಕ್ತು" ಎಂದೆ. ಪಂಪಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಯಾರೂ ಏಳಲಿಲ್ಲ.

ವಾಪಸು ಬರುವಾಗ ಫ್ರೀವೇಯಲ್ಲಿ ಯಜಮಾನರು, "ಬಿಸಿನೀರು ನಿಂತ ವಿಷಯ ನಂಗೆ ಹೇಳೇ ಇರ್ಲಿಲ್ವಲ್ಲೇ ನೀನು" ಎಂದರು.

"ನೀವು ಯಾವತ್ತು ಕೇಳಿದ್ರಿ?" ಎಂದೆ.